ರೋಬೋ ನಿಂತಾಗ ರೀಸೆಟ್ ಒತ್ತುವ ಮೊದಲು: ಮಷೀನ್ ಶಾಪಿನವರಿಗೆ ದೋಷ ನಿವಾರಣೆ ಕೈಪಿಡಿ

"ಸಾರ್, ರೋಬೋ ನಿಂತೋಗಿದೆ." ರಾತ್ರಿ ಶಿಫ್ಟಿನಿಂದ ನನಗೆ ಬರುವ ಫೋನ್ ಶುರುವಾಗುವುದೇ ಹೀಗೆ. ಸ್ಕ್ರೀನ್ ಮೇಲೆ ಏನು ಬಂದಿತ್ತು ಎಂದು ಕೇಳಿದರೆ, "ರೀಸೆಟ್ ಹೊಡೆದೆ ಸಾರ್, ಹೊರಟೋಯ್ತು" ಅನ್ನುತ್ತಾರೆ. ಅಲ್ಲಿಗೆ ಅರ್ಧ ಸಾಕ್ಷ್ಯ ಕೈತಪ್ಪಿತು.

ಪೀಣ್ಯದ ಸಣ್ಣ ಶಾಪುಗಳಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿಗೆ ಜಾಬ್ (ಕಡೆಯಬೇಕಾದ ಲೋಹದ ತುಂಡು) ಹಾಕಿ ತೆಗೆಯುವ ಕೋಬಾಟ್‌ಗಳನ್ನೂ (ಜನರ ಪಕ್ಕದಲ್ಲೇ ಕೆಲಸ ಮಾಡಲು ಮಾಡಿದ ರೋಬೋಗಳು) ಬೇಲಿಯೊಳಗೆ ವೆಲ್ಡಿಂಗ್ ಮಾಡುವ ಆರು ಆಕ್ಸಿಸ್, ಅಂದರೆ ಆರು ಜಾಯಿಂಟಿನ, ರೋಬೋಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ. "ಕೆಟ್ಟಿದೆ" ಎಂದು ಕರೆದ ಕಡೆ ಹೋಗಿ ನೋಡಿದರೆ ರೋಬೋದ ತೋಳೇ ಕೆಟ್ಟಿರುವುದು ಅಪರೂಪ. ಗಾಳಿ, ಸೆನ್ಸರ್, ಗ್ರಿಪ್ಪರ್ (ಜಾಬ್ ಹಿಡಿಯುವ ಬೆರಳುಗಳು), ಕೇಬಲ್, ಫಿಕ್ಸ್ಚರ್ (ಜಾಬ್ ಕೂರಿಸುವ ಚೌಕಟ್ಟು), ಹೀಗೆ ತೋಳಿನ ಸುತ್ತ ಇರುವುದರಲ್ಲೇ ತಪ್ಪು ಕೂತಿರುತ್ತದೆ. ಅದನ್ನು ನೀವೇ ಹಿಡಿಯಬಹುದು, ಖರ್ಚೂ ಇಲ್ಲ. ಆದರೆ ನಿಂತ ಗಳಿಗೆಯಲ್ಲಿ ಏನಿತ್ತು ಎಂಬುದು ಗೊತ್ತಿರಬೇಕು.

ಆದ್ದರಿಂದ ರೀಸೆಟ್‌ಗೆ ಮುಂಚೆ ಮೊಬೈಲ್ ತೆಗೆದು ನಾಲ್ಕು ಫೋಟೋ ಹೊಡೆಯಿರಿ: ಅಲಾರಂ ನಂಬರ್ ಇರುವ ಪುಟ, ಪ್ರೋಗ್ರಾಂ ಯಾವ ಸಾಲಿನಲ್ಲಿ ನಿಂತಿದೆ ಎಂಬುದು, ಆರೂ ಜಾಯಿಂಟ್‌ಗಳ ಕೋನ, ಇನ್‌ಪುಟ್ ಔಟ್‌ಪುಟ್ ಪುಟ. ಐದನೆಯದೂ ಒಂದಿರಲಿ, ದೂರದಿಂದ ತೆಗೆದ ಇಡೀ ಸೆಲ್ಲಿನ, ಅಂದರೆ ರೋಬೋ ಮತ್ತು ಅದರ ಸುತ್ತಲಿನ ಯಂತ್ರಗಳಿರುವ ಜಾಗದ, ಚಿತ್ರ. ಆಮೇಲೆ ಆಪರೇಟರ್‌ನನ್ನು ಮೂರು ಮಾತು ಕೇಳಿ. ಯಾವಾಗಲೂ ಅದೇ ಜಾಗದಲ್ಲಿ ನಿಲ್ಲುತ್ತದಾ? ಅದೇ ಹೊತ್ತಿಗೆ ನಿಲ್ಲುತ್ತದಾ? ಅದೇ ಜಾಬ್ ಬಂದಾಗ ನಿಲ್ಲುತ್ತದಾ? ಮುಂದಿನ ಪರೀಕ್ಷೆಗಳೆಲ್ಲ ಈ ಮೂರು ಉತ್ತರಗಳ ಮೇಲೆಯೇ ನಿಂತಿವೆ.

ಒಳಗೆ ಕಾಲಿಡುವ ಮೊದಲು

1981ರಲ್ಲಿ ಜಪಾನಿನ ಅಕಾಶಿಯ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಕೆಲಸಗಾರರೊಬ್ಬರು, ರೋಬೋವನ್ನು ಪೂರ್ತಿ ಆಫ್ ಮಾಡದೆ, ಅದನ್ನು ನೋಡಲು ಹತ್ತಿರ ಹೋದರು. ತೋಳು ಚಲಿಸಿ ಅವರನ್ನು ಪಕ್ಕದ ಯಂತ್ರಕ್ಕೆ ಒತ್ತಿ ಜೀವ ತೆಗೆಯಿತು. 2015ರಲ್ಲಿ ನಮ್ಮದೇ ದೇಶದ ಮಾನೇಸರ್‌ನಲ್ಲಿ, ಜಾಗ ತಪ್ಪಿದ ತಗಡನ್ನು ಸರಿಮಾಡಲು ಹೋದ ಕಾರ್ಮಿಕರೊಬ್ಬರು ರೋಬೋಗೆ ಸಿಕ್ಕಿ ಸತ್ತರು. ಇಬ್ಬರೂ ಹೋದದ್ದು ತೊಂದರೆ ಸರಿಪಡಿಸಲು. ಈ ಕೈಪಿಡಿ ಹಿಡಿದು ನೀವು ಹೊರಟಿರುವುದೂ ಅದಕ್ಕೇ.

ನಿಂತ ರೋಬೋ ಆಫ್ ಆದ ರೋಬೋ ಅಲ್ಲ. ಅದು ಒಂದು ಸಿಗ್ನಲ್‌ಗಾಗಿ ಕಾಯುತ್ತಿರಬಹುದು. ಕೊಳೆಯಾದ ಸೆನ್ಸರನ್ನು ನೀವು ಬಟ್ಟೆಯಿಂದ ಒರೆಸಿದ ಕ್ಷಣವೇ ಆ ಸಿಗ್ನಲ್ ಸಿಕ್ಕಿ ತೋಳು ಪೂರ್ಣ ವೇಗದಲ್ಲಿ ಹೊರಡುತ್ತದೆ. ಆದ್ದರಿಂದ ಏನನ್ನೇ ಮುಟ್ಟುವ ಮುನ್ನ ಮೋಡ್ ಕೀಯನ್ನು ಮ್ಯಾನುಯಲ್‌ಗೆ ತಿರುಗಿಸಿ, ಕೀ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಮ್ಯಾನುಯಲ್‌ನ ನಿಧಾನ ಮೋಡಿನಲ್ಲಿ ವೇಗ ಸೆಕೆಂಡಿಗೆ 250 ಮಿಲಿಮೀಟರ್ ದಾಟುವುದಿಲ್ಲ. ರೋಬೋ ನಡೆಸಲು ಕೈಯಲ್ಲಿ ಹಿಡಿಯುವ ಸ್ಕ್ರೀನ್ ಪೆಟ್ಟಿಗೆಯೇ ಪೆಂಡೆಂಟ್. ಅದರ ಹಿಂದಿನ ಸ್ವಿಚ್ಚಿಗೆ ಮೂರು ಸ್ಥಿತಿ: ಅರ್ಧ ಒತ್ತಿದರೆ ಮಾತ್ರ ಓಡುತ್ತದೆ, ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಗಟ್ಟಿಯಾಗಿ ಹಿಸುಕಿದರೂ ನಿಲ್ಲುತ್ತದೆ. ಅದಕ್ಕೆ ಟೇಪ್ ಸುತ್ತಿ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥದ್ದು ಕಂಡರೆ ಮೊದಲು ಟೇಪ್ ಬಿಚ್ಚಿ, ಆಮೇಲೆ ಮಾತಾಡಿ.

ಸ್ಪ್ಯಾನರ್ ಹಿಡಿಯುವ ಕೆಲಸವಾದರೆ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವರ ಬಳಿಯೇ ಇರಲಿ. ಗಾಳಿಯ ವಾಲ್ವ್ ಮುಚ್ಚಿ, ಉಳಿದ ಗಾಳಿ ಹೊರಬಿಡಿ. ಗಾಳಿ ಹೋದಾಗ ಕೆಲವು ಗ್ರಿಪ್ಪರ್‌ಗಳು ತೆರೆದುಕೊಂಡು ಜಾಬ್ ಬೀಳಿಸುತ್ತವೆ, ಕೆಳಗೆ ಕಾಲಿಡಬೇಡಿ. ಕಂಟ್ರೋಲರ್ ಕ್ಯಾಬಿನೆಟ್ಟಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಆಫ್ ಆದ ಮೇಲೂ ಹಲವು ನಿಮಿಷ ಚಾರ್ಜ್ ಇರುತ್ತದೆ. ಎಷ್ಟು ಕಾಯಬೇಕೆಂದು ಮ್ಯಾನುಯಲ್ ಹೇಳುತ್ತದೆ, ಅಷ್ಟು ಕಾಯಿರಿ. ಆದರೂ ಕ್ಯಾಬಿನೆಟ್ ಒಳಗೆ ಕೈ ಹಾಕುವುದು ಎಲೆಕ್ಟ್ರಿಷಿಯನ್ ಕೆಲಸ.

ಕೋಬಾಟ್ ಇದೆ, ಬೇಲಿ ಬೇಡ ಎಂಬ ಧೈರ್ಯವೂ ಬೇಡ. 2016ರ ಐಎಸ್‌ಒ/ಟಿಎಸ್ 15066 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ದಾಖಲೆ ಮನುಷ್ಯನ ಮೈಗೆ ಎಷ್ಟು ಬಲ, ಎಷ್ಟು ಒತ್ತಡ ತಾಗಬಹುದೆಂದು ಮಿತಿ ಹಾಕಿತು. ಆದರೆ ಗ್ರಿಪ್ಪರ್ ಹಿಡಿದ ಜಾಬಿನ ಅಂಚು ಬ್ಲೇಡಿನಂತಿದ್ದರೆ ತೋಳು ಎಷ್ಟು ಮೆದುವಾಗಿದ್ದರೇನು? ರೋಬೋ ಸುರಕ್ಷತೆಯ 2025ರ ಮಾನದಂಡ ಐಎಸ್‌ಒ 10218 ಕೂಡ ತೋಳನ್ನಷ್ಟೇ ಅಲ್ಲ, ಅದನ್ನು ಬಳಸುವ ಇಡೀ ಕೆಲಸವನ್ನೇ ನೋಡಿ ಸುರಕ್ಷತೆ ಅಳೆಯುತ್ತದೆ.

ಅಲಾರಂ ಇಲ್ಲ, ಆದರೂ ಅಲ್ಲಾಡುತ್ತಿಲ್ಲ

ನನಗೆ ಬರುವ ಫೋನ್‌ಗಳಲ್ಲಿ ಅತಿ ಹೆಚ್ಚು ಇದೇ. ಪೆಂಡೆಂಟ್‌ನಲ್ಲಿ ಪ್ರೋಗ್ರಾಂ "ರನ್ನಿಂಗ್" ಎಂದೇ ತೋರಿಸುತ್ತಿರುತ್ತದೆ. ರೋಬೋ ಕೆಟ್ಟಿಲ್ಲ, ಕಾಯುತ್ತಿದೆ. ಯಾವ ಸಾಲಿನಲ್ಲಿ ನಿಂತಿದೆ ನೋಡಿ. ಅಲ್ಲಿ ಒಂದು "ವೇಟ್" ಇರುತ್ತದೆ: ಲೇತಿನ ಬಾಗಿಲು ತೆರೆಯಿತು, ಚಕ್ (ಲೇತಿನಲ್ಲಿ ಜಾಬ್ ಹಿಡಿಯುವ ಭಾಗ) ಹಿಡಿಯಿತು, ಸೈಕಲ್ ಮುಗಿಯಿತು, ಗ್ರಿಪ್ಪರ್ ಮುಚ್ಚಿತು, ಇವುಗಳಲ್ಲಿ ಯಾವುದೋ ಒಂದು ಸುದ್ದಿ ಅದಕ್ಕೆ ತಲುಪಿಲ್ಲ.

ಆ ಸುದ್ದಿ ಎಲ್ಲಿ ತಪ್ಪಿತು ಎಂದು ಹುಡುಕಲು ಮೀಟರ್ ಬೇಕಿಲ್ಲ. ಸೆನ್ಸರ್ ತಲೆಯ ಮೇಲಿನ ದೀಪ ಉರಿಯುತ್ತಿದೆಯೇ, ಪೆಂಡೆಂಟ್‌ನ ಇನ್‌ಪುಟ್ ಪುಟದಲ್ಲಿ ಅದೇ ನಂಬರ್ ಆನ್ ಆಗಿದೆಯೇ ನೋಡಿ. ಎರಡೂ ಆರಿದ್ದರೆ ತೊಂದರೆ ಸೆನ್ಸರ್ ಹತ್ತಿರವೇ ಇದೆ: ಮೇಲೆ ಬರ್ (ಲೋಹದ ಚೂರು) ಕೂತಿದೆ, ಕೂಲೆಂಟ್ (ಕಡೆಯುವಾಗ ಸುರಿಯುವ ತಂಪು ದ್ರವ) ಮೆತ್ತಿದೆ, ಬ್ರಾಕೆಟ್ ಸಡಿಲವಾಗಿದೆ. ಸೆನ್ಸರ್ ದೀಪ ಉರಿದು ಪುಟದಲ್ಲಿ ಆಫ್ ಇದ್ದರೆ ನಡುವಿನ ಕೇಬಲ್ ಅಥವಾ ಕನೆಕ್ಟರ್. ಹೊಸ ಸೆನ್ಸರ್ ಹಾಕಿದ ಮೇಲೆ ಶುರುವಾಗಿದ್ದರೆ ಪಿಎನ್‌ಪಿ ಬದಲು ಎನ್‌ಪಿಎನ್ (ಸಿಗ್ನಲ್ ಕೊಡುವ ವೈರಿಂಗ್ ಬೇರೆಯಿರುವ ಜಾತಿ) ತಂದಿದ್ದೀರಾ ನೋಡಿ. ನೋಟಕ್ಕೆ ಎರಡೂ ಒಂದೇ, ದೀಪವೂ ಉರಿಯುತ್ತದೆ, ಸಿಗ್ನಲ್ ಮಾತ್ರ ಹೋಗುವುದಿಲ್ಲ.

ಒಮ್ಮೆ ಒಂದು ಶಾಪಿನಲ್ಲಿ ಎರಡು ದಿನ ಇದಕ್ಕೇ ಹೋಯಿತು. ಗ್ರಿಪ್ಪರ್ ಬೆರಳು ಜಾಬನ್ನು ಗಟ್ಟಿಯಾಗಿಯೇ ಹಿಡಿದಿತ್ತು, ರೋಬೋ ಮಾತ್ರ ಕದಲಲಿಲ್ಲ. ಪ್ರೋಗ್ರಾಂ ಬದಲಿಸಿದರು, ಕಂಟ್ರೋಲರ್ ಆಫ್ ಮಾಡಿ ಆನ್ ಮಾಡಿದರು. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ಗ್ರಿಪ್ಪರ್ ಬದಿಯ ಉದ್ದ ಸಂದಿಯಲ್ಲಿ ಕೂತು ಬೆರಳು ಮುಚ್ಚಿತೆಂದು ತಿಳಿಸುವ ರೀಡ್ ಸ್ವಿಚ್, ಬೆಂಕಿಕಡ್ಡಿಯ ಅರ್ಧದಷ್ಟಿರುವ ಕಪ್ಪು ತುಂಡು, 2 ಮಿಲಿಮೀಟರ್ ಹಿಂದಕ್ಕೆ ಸರಿದಿತ್ತು. ಅದರ ಪುಟ್ಟ ಸ್ಕ್ರೂ ಕಂಪನಕ್ಕೆ ಸಡಿಲಾಗಿತ್ತು. ಮುಂದಕ್ಕೆ ತಳ್ಳಿದ ಕೂಡಲೇ ಕೆಂಪು ದೀಪ ಹತ್ತಿತು. ಈಗ ಸ್ವಿಚ್ ಸರಿಯಾದ ಜಾಗದಲ್ಲಿದ್ದಾಗ ಪಕ್ಕದಲ್ಲೊಂದು ಪೆಯಿಂಟ್ ಗೆರೆ ಎಳೆದಿಡುತ್ತೇವೆ. ಗೆರೆ ತಪ್ಪಿದ್ದರೆ ದೂರದಿಂದಲೇ ಗೊತ್ತಾಗುತ್ತದೆ.

ಸಿಗ್ನಲ್ ಬರುತ್ತಿಲ್ಲವೆಂದು ಪೆಂಡೆಂಟ್‌ನಿಂದ ಬಲವಂತವಾಗಿ ಆನ್ ಮಾಡಬೇಡಿ. "ಚಕ್ ಹಿಡಿಯಿತು" ಎಂಬ ಸುಳ್ಳು ನಂಬಿ ರೋಬೋ ಜಾಬ್ ಬಿಟ್ಟು ಈಚೆ ಬರುತ್ತದೆ, ಸ್ಪಿಂಡಲ್ ತಿರುಗಿದಾಗ ಆ ಜಾಬ್ ಗುಂಡಿನಂತೆ ಹಾರುತ್ತದೆ.

ಕರೆಂಟ್ ಇದೆ, ಮೋಟಾರ್ ಆನ್ ಆಗುತ್ತಿಲ್ಲ

ಎಮರ್ಜೆನ್ಸಿ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ಬಿಡಿಸಿ: ಪೆಂಡೆಂಟ್ ಮೇಲೆ, ಕ್ಯಾಬಿನೆಟ್ ಮೇಲೆ, ಬೇಲಿಯ ಹೊರಗೆ, ಲೇತಿನ ಮೇಲೆ. ಆಮೇಲೆ ಬೇಲಿಯ ಬಾಗಿಲು. ಮುಚ್ಚಿದಂತೆ ಕಂಡರೂ ಕೀಲು ಜೋತುಬಿದ್ದು ಇಂಟರ್‌ಲಾಕ್ (ಬಾಗಿಲು ಮುಚ್ಚಿದೆಯೆಂದು ತಿಳಿಸುವ ಸ್ವಿಚ್) ಪೂರ್ತಿ ಕೂತಿರುವುದಿಲ್ಲ.

ಇಷ್ಟಾದರೂ ಅಲಾರಂ ಹೋಗದಿದ್ದರೆ ಇನ್ನೊಂದು ಸಂಗತಿ. ಎಮರ್ಜೆನ್ಸಿ ಗುಂಡಿಯೊಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ, ಎರಡೂ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಬೇಕು. ಒಂದು ತೆರೆದು ಇನ್ನೊಂದು ಹಾಗೇ ಉಳಿದರೆ ಕಂಟ್ರೋಲರ್ ಅದನ್ನು ದೋಷವೆಂದು ಹಿಡಿಯುತ್ತದೆ, ಮಾಮೂಲಿ ರೀಸೆಟ್‌ಗೆ ಬಗ್ಗುವುದಿಲ್ಲ. ಗುಂಡಿಯನ್ನು ಒಮ್ಮೆ ಪೂರ್ತಿ ಒತ್ತಿ, ಪೂರ್ತಿ ಬಿಡಿಸಿ, ಮ್ಯಾನುಯಲ್ ಹೇಳಿದಂತೆ ರೀಸೆಟ್ ಮಾಡಿ. ಮತ್ತೆ ಬಂದರೆ ಗುಂಡಿ ಬದಲಿಸಲು ಹೇಳಿ. ಇಲ್ಲಿ ವೈರ್ ತುಂಡು ಹಾಕಿ ಶಾರ್ಟ್ ಮಾಡಿ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ಯಾರದೋ ಕೈ ಸಿಕ್ಕಾಗ ಆ ಗುಂಡಿ ಕೆಲಸಕ್ಕೆ ಬರುವುದಿಲ್ಲ.

ಯಾರೂ ಮುಟ್ಟಿಲ್ಲ, ಕೋಬಾಟ್ ಮಾತ್ರ "ತಗುಲಿತು" ಎಂದು ನಿಲ್ಲುತ್ತದೆ

ಕೋಬಾಟ್ ತನ್ನ ತೋಳಿಗೆ ಇಷ್ಟು ಭಾರವಿದೆ, ಅದನ್ನು ಎತ್ತಲು ಇಷ್ಟು ಬಲ ಬೇಕು ಎಂದು ಲೆಕ್ಕ ಹಾಕಿಕೊಂಡೇ ಓಡುತ್ತದೆ. ಲೆಕ್ಕಕ್ಕೂ ನಿಜಕ್ಕೂ ವ್ಯತ್ಯಾಸ ಮಿತಿ ಮೀರಿದರೆ ಯಾರಿಗೋ ತಗುಲಿದೆ ಎಂದು ನಿಲ್ಲುತ್ತದೆ. ಮೊದಲು ನೋಡಬೇಕಾದದ್ದು ಪೇಲೋಡ್, ಅಂದರೆ ತೋಳಿನ ತುದಿ ಹೊತ್ತ ತೂಕ. ಗ್ರಿಪ್ಪರ್ 1.1 ಕೆಜಿ, ಜಾಬ್ 2.4 ಕೆಜಿ ಅಂದುಕೊಳ್ಳಿ. ಜಾಬ್ ಹಿಡಿದ ಮೇಲೆ ಪ್ರೋಗ್ರಾಂನಲ್ಲಿ ಪೇಲೋಡನ್ನು 3.5 ಮಾಡದೆ 1.1ಕ್ಕೇ ಬಿಟ್ಟಿದ್ದರೆ ಸುಮಾರು 23 ನ್ಯೂಟನ್ ಬಲದಿಂದ ಯಾರೋ ಕೆಳಕ್ಕೆ ಎಳೆಯುತ್ತಿದ್ದಾರೆ ಎಂದೇ ರೋಬೋಗೆ ಅನಿಸುತ್ತದೆ. ತೋಳು ಮಡಚಿದ್ದಾಗ ಸಹಿಸಿಕೊಳ್ಳುತ್ತದೆ, ಪೂರ್ತಿ ಚಾಚಿದಾಗ ನಿಲ್ಲುತ್ತದೆ. ಆಪರೇಟರ್‌ಗೆ ಇದು "ಒಮ್ಮೊಮ್ಮೆ ನಿಲ್ಲುತ್ತೆ ಸಾರ್" ಎಂದು ಕಾಣುತ್ತದೆ.

ಜಾಬ್ ಬದಲಾದ ದಿನದಿಂದ ಶುರುವಾಗಿದ್ದರೆ ಇದೇ ಕಾರಣವೆಂದು ಹಿಡಿಯಬಹುದು. ತಕ್ಕಡಿಗೆ ಇಟ್ಟು ತೂಕ ನೋಡಿ, ಅಂದಾಜು ಬೇಡ. ತೂಕದ ಜೊತೆ ಭಾರಕೇಂದ್ರವೂ ಸರಿಯಿರಬೇಕು. ಉದ್ದದ ಶಾಫ್ಟನ್ನು ಒಂದು ತುದಿಯಲ್ಲಿ ಹಿಡಿಯುವಾಗ ಅದೇ ಮುಖ್ಯ. ಪೇಲೋಡ್ ಸರಿಯಿದ್ದೂ ನಿಂತರೆ ತೋಳಿಗೆ ಕಟ್ಟಿದ ಗಾಳಿಯ ಪೈಪ್ ನೋಡಿ: ಯಾವುದೋ ಒಂದು ಕೋನದಲ್ಲಿ ಅದು ಬಿಗಿದು ಮಣಿಕಟ್ಟನ್ನು ಎಳೆಯುತ್ತಿರಬಹುದು. ಆಮೇಲೆ ಸ್ಟ್ಯಾಂಡ್. ತೆಳು ತಗಡಿನ ಟ್ರಾಲಿಯ ಮೇಲೆ ನಿಲ್ಲಿಸಿದ ಕೋಬಾಟ್ ಜೋರಾಗಿ ತಿರುಗಿದಾಗ ಟ್ರಾಲಿಯೇ ಓಲಾಡುತ್ತದೆ, ಆ ಓಲಾಟವೂ ತಗುಲಿದಂತೆಯೇ ಕಾಣುತ್ತದೆ.

ಕೊನೆಯಲ್ಲಿ ಎಲ್ಲರೂ ಕೇಳುವುದು "ಸೆನ್ಸಿಟಿವಿಟಿ ಸ್ವಲ್ಪ ಕಡಿಮೆ ಮಾಡಿಬಿಡೋಣವಾ ಸಾರ್?" ಎಂದು. ಬೇಡ. ಆ ಸಂಖ್ಯೆಯನ್ನು ಅಪಾಯ ಅಳೆದು ಇಟ್ಟಿರುತ್ತಾರೆ. ಬದಲಿಸಬೇಕಾದರೆ ಮತ್ತೆ ಅಳೆದೇ ಬದಲಿಸಬೇಕು, ಶಿಫ್ಟ್ ನಡುವೆ ಅಲ್ಲ.

ಹಿಡಿದ ಜಾಬ್ ಜಾರುತ್ತಿದೆ

ಪ್ರೆಶರ್ ಗೇಜ್ ನೋಡಿ, ಆದರೆ ಎಲ್ಲ ಮಷೀನ್‌ಗಳೂ ಓಡುತ್ತಿರುವಾಗ ನೋಡಿ. ಬೆಳಗ್ಗೆ 6 ಬಾರ್ ತೋರಿಸುವ ಗೇಜ್, ಮಧ್ಯಾಹ್ನ ನಾಲ್ಕು ಜನ ಏರ್ ಗನ್ ಹಿಡಿದಾಗ 4.5ಕ್ಕೆ ಇಳಿದರೆ ಹಿಡಿತದ ಬಲ ನೂರಕ್ಕೆ 25ರಷ್ಟು ಕಡಿಮೆಯಾಯಿತು. "ಮಧ್ಯಾಹ್ನ ಮಾತ್ರ ಬೀಳುತ್ತೆ" ಎಂಬ ದೂರಿಗೆ ಇದೇ ಅರ್ಥ. ಫಿಲ್ಟರ್ ಬಟ್ಟಲಿನಲ್ಲಿ ನೀರು ನಿಂತಿದ್ದರೆ ಹೊರಗೆ ಬಿಡಿ. ಮಳೆಗಾಲದಲ್ಲಿ ದಿನಾ ಬಿಡಬೇಕು.

ಗಾಳಿ ಸರಿಯಿದ್ದರೆ ಬೆರಳು ನೋಡಿ. 2 ಕೆಜಿ ಜಾಬನ್ನು ಎರಡು ಬೆರಳಲ್ಲಿ ಹಿಡಿದಿದ್ದೀರಿ. ಒಣ ಉಕ್ಕಿಗೆ ಘರ್ಷಣೆ 0.2 ಅಂದುಕೊಂಡರೆ, ಸುಮ್ಮನೆ ಎತ್ತಿ ಹಿಡಿಯಲು ಒಂದೊಂದು ಬೆರಳೂ ಸುಮಾರು 49 ನ್ಯೂಟನ್ ಒತ್ತಬೇಕು. ಕೂಲೆಂಟ್ ಮೆತ್ತಿ ಅದು 0.1ಕ್ಕೆ ಇಳಿದರೆ 98 ಬೇಕು. ಬೆರಳೂ ಅದೇ, ಗಾಳಿಯೂ ಅದೇ, ಜಾರಿತೇಕೆ ಎಂದರೆ ಎಣ್ಣೆ. ಒರೆಸಿ, ಸವೆದ ಪ್ಯಾಡ್ ಬದಲಿಸಿ, ಏರ್ ಬ್ಲೋ ಹಾಕಿ. ತೋಳಿನ ವೇಗ ಇಳಿಸಿಯೂ ನೋಡಿ, ಯಾಕೆಂದರೆ ಈ ಲೆಕ್ಕ ನಿಂತ ಜಾಬಿನದು. ಓಡುವ ತೋಳಿಗೆ ಇನ್ನೂ ಹೆಚ್ಚು ಬಲ ಬೇಕು.

ವ್ಯಾಕ್ಯೂಮ್ ಕಪ್ ಆದರೆ ಅದರ ಬಾಯಿಗೆ ಒಂದು ನುಣುಪಾದ ಸ್ಟೀಲ್ ತುಂಡು ಹಿಡಿದು ಗೇಜ್ ನೋಡಿ. ಒಳ್ಳೆಯ ವ್ಯಾಕ್ಯೂಮ್ ಬಂದರೆ ತಪ್ಪು ಜಾಬಿನ ಮೇಲ್ಮೈಯದು. ಬರದಿದ್ದರೆ ಕಪ್ ಸೀಳಿದೆ, ಪೈಪ್ ತೂತಾಗಿದೆ, ಇಲ್ಲವೇ ವ್ಯಾಕ್ಯೂಮ್ ಉಂಟುಮಾಡುವ ಎಜೆಕ್ಟರಿನ ಫಿಲ್ಟರ್ ಕಟ್ಟಿದೆ.

ಜಾಗ ತಪ್ಪುತ್ತಿದೆ

ಇಲ್ಲಿ ರೀಸೆಟ್‌ನಷ್ಟೇ ಕೆಟ್ಟ ಚಾಳಿ ಇನ್ನೊಂದಿದೆ: ಪಾಯಿಂಟನ್ನು, ಅಂದರೆ ತೋಳು ಹೋಗಿ ನಿಲ್ಲಬೇಕಾದ ಜಾಗವನ್ನು, ರೋಬೋಗೆ ಹೊಸದಾಗಿ ಟೀಚ್ ಮಾಡಿಬಿಡುವುದು. ಫಿಕ್ಸ್ಚರ್ ಅಡಿ ಒಂದು ಬರ್ ಸಿಕ್ಕಿ 0.5 ಮಿಲಿಮೀಟರ್ ಎದ್ದಿರುತ್ತದೆ, ಇವರು ರೋಬೋ ಪಾಯಿಂಟ್ ತಿದ್ದುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮಾರನೆಯ ದಿನ ಬರ್ ತೊಳೆದು ಹೋಗುತ್ತದೆ, ಆಗ ತಿದ್ದಿದ ಪಾಯಿಂಟೇ ತಪ್ಪು.

ಒಂದು ಚೂಪು ಪಿನ್ನನ್ನು ಟೇಬಲ್ ಮೇಲೆ ಖಾಯಂ ಆಗಿ ಕೂರಿಸಿ, ಗ್ರಿಪ್ಪರ್‌ನ ಒಂದು ಗುರುತು ಅದರ ತುದಿಗೆ ಬಂದು ನಿಲ್ಲುವ ಚಿಕ್ಕ ಪ್ರೋಗ್ರಾಂ ಇಟ್ಟುಕೊಳ್ಳಿ. ಎಲ್ಲ ಸರಿಯಿದ್ದಾಗಲೇ ಮಾಡಿಡಬೇಕು. ಜಾಗ ತಪ್ಪಿತು ಎಂದಾಗ ಅದನ್ನು ನಿಧಾನ ವೇಗದಲ್ಲಿ ಓಡಿಸಿ. ಪಿನ್ನಿಗೆ ಸರಿಯಾಗಿ ಬಂದರೆ ರೋಬೋ ಸರಿ, ಫಿಕ್ಸ್ಚರೋ ಕಚ್ಚಾ ಜಾಬೋ ತಪ್ಪಿದೆ. ಪಿನ್ನಿನಲ್ಲೂ ತಪ್ಪಿದರೆ ಗ್ರಿಪ್ಪರ್ ಕೂರಿಸಿದ ಬೋಲ್ಟ್‌ಗಳನ್ನು ನೋಡಿ, ಆಮೇಲೆ ಬುಡದ ಬೋಲ್ಟ್‌ಗಳನ್ನು. ಬುಡ 0.1 ಡಿಗ್ರಿ ವಾಲಿದರೂ 1 ಮೀಟರ್ ಚಾಚಿದ ತುದಿಯಲ್ಲಿ ಅದು ಸುಮಾರು 1.7 ಮಿಲಿಮೀಟರ್ ಆಗುತ್ತದೆ. ಮ್ಯಾನುಯಲ್‌ನಲ್ಲಿ ಬರೆದ ಟಾರ್ಕಿಗೆ ಟಾರ್ಕ್ ರೆಂಚ್ ಬಳಸಿಯೇ ಬಿಗಿಯಿರಿ.

ಪಿನ್ನಿಗೆ ನೇರ ಬಂದಾಗ ಸರಿಯಿದ್ದು, ಮಣಿಕಟ್ಟು ತಿರುಗಿಸಿ ಬಂದಾಗ ತಪ್ಪಿದರೆ ಟೂಲ್ ತುದಿಯ ಅಳತೆ, ಅಂದರೆ ಟಿಸಿಪಿ, ಬದಲಾಗಿದೆ. ಗ್ರಿಪ್ಪರ್ ಎಲ್ಲಾದರೂ ಗುದ್ದಿತ್ತಾ ಎಂದು ಕೇಳಿ. "ಇಲ್ಲ ಸಾರ್" ಅನ್ನುತ್ತಾರೆ. ಬೈಯದೆ ಕೇಳಿದರೆ ಹೇಳುತ್ತಾರೆ.

ಆಯುಧಪೂಜೆ ರಜೆ ಮುಗಿಸಿ ಬಂದಾಗ

ನಮ್ಮ ಕಡೆ ಇದಕ್ಕೊಂದು ಪ್ರತ್ಯೇಕ ವಿಭಾಗವೇ ಬೇಕು. ನಾಲ್ಕು ದಿನ ಮೇನ್ ಆಫ್ ಆಗಿರುತ್ತದೆ. ಹಲವು ದೊಡ್ಡ ರೋಬೋಗಳು ಕರೆಂಟ್ ಇಲ್ಲದಾಗ ತಮ್ಮ ಜಾಯಿಂಟ್‌ಗಳ ಲೆಕ್ಕವನ್ನು ಬ್ಯಾಟರಿಯಿಂದ ನೆನಪಿಟ್ಟುಕೊಳ್ಳುತ್ತವೆ. ರೋಬೋ ತಯಾರಿಸುವ ಫಾನುಕ್ ಕಂಪನಿಯ ಅನೇಕ ತೋಳುಗಳ ಬುಡದಲ್ಲಿ 1.5 ವೋಲ್ಟಿನ ನಾಲ್ಕು ಡಿ ಸೈಜ್ ಸೆಲ್‌ಗಳಿರುತ್ತವೆ, ವರ್ಷಕ್ಕೊಮ್ಮೆ ಬದಲಿಸಬೇಕು. ಅದರಲ್ಲಿ ಎಸ್‌ಆರ್‌ವಿಒ-065 ಅಲಾರಂ ಬಂದರೆ ಬ್ಯಾಟರಿ ಇಳಿಯುತ್ತಿದೆ ಎಂದರ್ಥ, ರಜೆಗೆ ಮುಂಚೆಯೇ ಬದಲಿಸಿ. ಎಸ್‌ಆರ್‌ವಿಒ-062 ಬಂದರೆ ನೆನಪು ಹೋಗಿದೆ. ಸೆಲ್ ಬದಲಿಸುವಾಗ ಮಾತ್ರ, ಬೇರೆ ಕೆಲಸಗಳಂತಲ್ಲದೆ, ಕಂಟ್ರೋಲರ್ ಆನ್ ಇರಬೇಕು, ಎಮರ್ಜೆನ್ಸಿ ಒತ್ತಿರಬೇಕು. ಆಫ್ ಮಾಡಿ ಸೆಲ್ ತೆಗೆದರೆ ಉಳಿದ ನೆನಪೂ ಹೋಗುತ್ತದೆ.

ನೆನಪು ಹೋದ ರೋಬೋದಲ್ಲಿ ಹಳೆಯ ಪ್ರೋಗ್ರಾಂ ಓಡಿಸಲೇಬೇಡಿ, ನಿಧಾನವಾಗಿಯೂ ಬೇಡ. ತನ್ನ ಕೈ ಎಲ್ಲಿದೆ ಎಂದೇ ಅದಕ್ಕೆ ತಿಳಿಯದು, ಮಿತಿಗಳೂ ಅರ್ಥ ಕಳೆದುಕೊಂಡಿರುತ್ತವೆ. ಮಾಸ್ಟರಿಂಗ್ ಮಾಡಬೇಕು, ಅಂದರೆ ಜಾಯಿಂಟ್‌ಗಳ ಸೊನ್ನೆ ಸ್ಥಾನವನ್ನು ಅದಕ್ಕೆ ಮತ್ತೆ ತೋರಿಸಬೇಕು. ತರಬೇತಿ ಆದವರನ್ನೇ ಕರೆಸಿ.

ಇನ್ನೊಂದು ಕಾರಣ ಪೂಜೆಯದೇ. ನಾನೂ ಪ್ರತಿ ವರ್ಷ ರೋಬೋಗೆ ಹೂ ಏರಿಸುವವನೇ. ಆದರೆ ಹತ್ತಿರ ಬಂದವರನ್ನು ಗುರುತಿಸುವ ಸೇಫ್ಟಿ ಸ್ಕ್ಯಾನರ್‌ನ ಕಪ್ಪು ಕಿಟಕಿಗೆ ಅರಿಶಿನ ಕುಂಕುಮ ಹಚ್ಚಿದರೆ ಅದು ಕುರುಡಾಗಿ ಸೆಲ್ಲನ್ನೇ ನಿಲ್ಲಿಸುತ್ತದೆ. ಮೆತ್ತನೆಯ ಹೊಸ ಬಟ್ಟೆಯಿಂದ ಒರೆಸಿ. ಬರ್ ಸಿಕ್ಕಿದ ಕಾಟನ್ ವೇಸ್ಟ್‌ನಿಂದ ಉಜ್ಜಿದರೆ ಗೀರು ಬಿದ್ದು ಕಿಟಕಿಯೇ ಹೋಗುತ್ತದೆ. ಚೆಂಡುಹೂವಿನ ಹಾರದ ದಾರ ಜಾಯಿಂಟ್ ಸಂದಿಯಲ್ಲಿ ಉಳಿದಿದೆಯಾ ನೋಡಿ. ಬೂದುಗುಂಬಳ ಒಡೆದ ನೀರು ನೆಲದ ಕನೆಕ್ಟರ್‌ಗೆ ಹೋಗಿದೆಯಾ ನೋಡಿ. ಮುಂದಿನ ವರ್ಷ ಕುಂಕುಮವನ್ನು ಬುಡದ ಕಬ್ಬಿಣದ ತಟ್ಟೆಗೆ ಹಚ್ಚಿ, ಹಾರವನ್ನು ಕ್ಯಾಬಿನೆಟ್ ಬಾಗಿಲಿಗೆ ಹಾಕಿ.

ಬಂದು ಹೋಗುವ ಅಲಾರಂ

ಇದಕ್ಕೆ ಫೋಟೋಗಳೇ ದಿಕ್ಕು. ಐದಾರು ಸಲದ ಫೋಟೋ ಪಕ್ಕಪಕ್ಕ ಇಟ್ಟು ಜಾಯಿಂಟ್ ಕೋನ ಹೋಲಿಸಿ. ಪ್ರತಿ ಸಲವೂ ಐದನೇ ಜಾಯಿಂಟ್ ಹೆಚ್ಚುಕಡಿಮೆ ಅದೇ ಕೋನದಲ್ಲಿದ್ದರೆ ಅಲ್ಲಿ ಬಾಗುವ ಕೇಬಲ್ ಒಳಗೇ ಮುರಿದಿದೆ. ಟೈ ತೀರಾ ಬಿಗಿಯಾಗಿ ಕಟ್ಟಿದ ಕಡೆಯೇ ಕೇಬಲ್ ಮುರಿಯುವುದು ಹೆಚ್ಚು.

ಕೋನ ಬೇರೆ ಬೇರೆಯಾಗಿದ್ದು ಹೊತ್ತು ಮಾತ್ರ ಒಂದೇ ಆಗಿದ್ದರೆ ಬಿಸಿ ಅಥವಾ ಕರೆಂಟ್. ಕ್ಯಾಬಿನೆಟ್ ಫ್ಯಾನ್ ತಿರುಗುತ್ತಿದೆಯೇ, ಅದರ ಫಿಲ್ಟರ್ ಎಣ್ಣೆ ಧೂಳಿನಿಂದ ಕಟ್ಟಿದೆಯೇ ಹೊರಗಿನಿಂದಲೇ ನೋಡಿ. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವ ಹೊತ್ತಿಗೆ ಬರುತ್ತಿದೆಯೇ ಬರೆದಿಡಿ. ವೆಲ್ಡಿಂಗ್ ರೋಬೋದಲ್ಲಿ ಆರ್ಕ್ ಹೊತ್ತಿದಾಗ ಮಾತ್ರ ಬಂದರೆ ಅರ್ತ್ ಕ್ಲ್ಯಾಂಪ್ ಬಿಚ್ಚಿ ತುಕ್ಕು ಕೆರೆದು ಮತ್ತೆ ಬಿಗಿಯಿರಿ. ಅರ್ಧ ಸಲ ಅಲ್ಲಿಗೇ ಮುಗಿಯುತ್ತದೆ.

ಸದ್ದು, ಗ್ರೀಸ್, ಇಳಿಯುವ ತೋಳು: ಇಲ್ಲಿಗೆ ನಿಲ್ಲಿಸಿ

ಜಾಯಿಂಟ್ ಒಳಗಿಂದ ಕರಕರ ಸದ್ದು, ಸೀಲ್ ಬಳಿ ಗ್ರೀಸ್ ಜಿನುಗುವುದು, ಒಂದೇ ಮೋಟಾರ್ ಬೇರೆಯವಕ್ಕಿಂತ ಹೆಚ್ಚು ಸುಡುವುದು, ಇವು ರಿಡ್ಯೂಸರ್ (ಜಾಯಿಂಟ್ ಒಳಗಿನ ಗೇರ್ ಪೆಟ್ಟಿಗೆ) ಅಥವಾ ಬೇರಿಂಗ್ ಕೆಟ್ಟಿರುವ ಸೂಚನೆಗಳು. ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ತೆರೆಯಬೇಡಿ. ಸರ್ವೋ, ಅಂದರೆ ಜಾಯಿಂಟ್ ಮೋಟಾರ್‌ಗಳ ಕರೆಂಟ್, ಆಫ್ ಮಾಡಿದ ಕೂಡಲೇ ತೋಳು ಒಂದಿಷ್ಟು ಕೆಳಗಿಳಿದು ನಿಲ್ಲುತ್ತಿದ್ದರೆ, ಅಥವಾ ನಿಂತ ಮೇಲೂ ಇಳಿಯುತ್ತಲೇ ಇದ್ದರೆ, ಬ್ರೇಕ್ ಸವೆದಿದೆ. ಆ ತೋಳಿನ ಕೆಳಗೆ ಯಾರೂ ಹೋಗಕೂಡದು. ಬ್ರೇಕ್ ಬಿಡುವ ಗುಂಡಿಯನ್ನಂತೂ ಮುಟ್ಟಬೇಡಿ, ನೂರಾರು ಕಿಲೋದ ತೋಳು ಒಮ್ಮೆಗೇ ಬೀಳುತ್ತದೆ. ಸೆಲ್ಲಿಗೆ ಬೀಗ ಹಾಕಿ ಸರ್ವಿಸ್‌ನವರಿಗೆ ಫೋನ್ ಮಾಡಿ.

ಫೋನ್ ಮಾಡುವಾಗ ಹೇಳಬೇಕಾದದ್ದು ಹೀಗಿರಲಿ. ಇದು ನಮ್ಮ ಶಾಪಿನ ಪುಸ್ತಕದಲ್ಲಿ ಆಪರೇಟರ್ ಹುಡುಗನೊಬ್ಬ ಬರೆದದ್ದು, ಹಾಗೇ ಕೊಡುತ್ತಿದ್ದೇನೆ: "ಬುಧವಾರ ರಾತ್ರಿ 2:40. ಸಾಲು 47, ಜಾಬ್ ಎತ್ತಿದ ಮೇಲೆ. ಜಾಯಿಂಟ್ 3ರಲ್ಲಿ ಸದ್ದು, ಕೆಳಗಿಳಿಯುವಾಗ ಮಾತ್ರ. ಸೋಮವಾರದಿಂದ ಇದೆ, ಇವತ್ತು ಜಾಸ್ತಿ. ಗಾಳಿ 6 ಬಾರ್. ಬುಡದ ಬೋಲ್ಟ್ ಬಿಗಿ ಇದೆ. ರೀಸೆಟ್ ಮಾಡಿಲ್ಲ."